ಆನ್‌ಲೈನ್ ಲೈಬ್ರರಿಯಲ್ಲಿ ಹಗೇವು

ಆ ದಿನ ಭಾನುವಾರವಾಗಿತ್ತು ಎಂದು ನಾನು ಹೇಳುತ್ತ ಬಂದಿದ್ದೇನೆ. ನನ್ನ ಹೆಂಡತಿ ಸುಮ ಶನಿವಾರ ಎನ್ನುತ್ತಾಳೆ. ನಡುವೆ ಕರೆಂಟು ಹೋಗಿತ್ತೆಂದು ನನ್ನ ನೆನಪು. ಹೋಗಿದ್ದರೆ ಕಂಪ್ಯೂಟರಿನಲ್ಲಿ ಹುಡುಕಿದ್ದೆಲ್ಲ ಅದರ ಜೊತೆಗೇ ಹೋಗಬೇಕಿತ್ತಲ್ಲ, ಹೋಗಲಿಲ್ಲವಲ್ಲ ಎಂಬುದು ಅವಳ ವಾದ. ವಾದ ಸರಿಯಾಗಿದೆ. ಆದರೂ ಕತ್ತಲಾದ ಕೋಣೆ, ನಾನು, ಮನೆ ಮಾಲೀಕರು, ಅವರ ಮೊಮ್ಮಗಳು ಮೂವರೂ ಸುಮ್ಮನೆ ಕೂತದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅದು ಬೇರೆ ಯಾವುದೋ ದಿನದ ಕತ್ತಲೆ ಬಂದು ಈ ದಿನಕ್ಕೆ ಅಂಟಿಕೊಂಡಿದ್ದರೂ ಇರಬಹುದು. ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿದ್ದ ಕಾಲ ಎಂದು ಮಾತ್ರ ಸ್ವಲ್ಪ ಧೈರ್ಯದಿಂದ ಹೇಳಬಲ್ಲೆ.

ನಾನು ಓದಿದ್ದು ಇತಿಹಾಸ. ಸಾಕ್ಷಿ ಹೇಳುವವನನ್ನು ಪೂರ್ತಿ ನಂಬಬೇಡಿ, ಅವನು ಎಲ್ಲಿ ನಿಂತು ನೋಡಿದ, ಯಾರಿಂದ ಕೇಳಿದ ಎಂದು ವಿಚಾರಿಸಿ ಎಂದು ಎಂ.ಎ. ತರಗತಿಯಲ್ಲಿ ಕಲಿಸಿದರು. ಅದನ್ನು ರಾಜರ ಮೇಲೆ, ಶಾಸನಗಳ ಮೇಲೆ ಪ್ರಯೋಗಿಸಲೆಂದು ಕಲಿಸಿದ್ದು. ರಾಜರು ಸಿಗದೆ ನಾನು ಅದನ್ನು ಹಾಲಿನವನ ಮೇಲೆ, ನೆಂಟರ ಮೇಲೆ, ಕೊನೆಗೆ ನನ್ನ ಮೇಲೇ ಪ್ರಯೋಗಿಸತೊಡಗಿದೆ. ಹೀಗಾಗಿ ನನ್ನ ಹತ್ತಿರ ನೆನಪುಗಳು ಬೇಕಾದಷ್ಟಿವೆ, ನಂಬಿಕಸ್ಥ ನೆನಪುಗಳು ಕಡಿಮೆ.

ಈ ವಿಷಯ ಮತ್ತೆ ತಲೆಗೆ ಬಂದದ್ದು ನನ್ನ ಒಂದು ಅಭ್ಯಾಸದಿಂದ. ಮೊನ್ನೆ ಕಂಪ್ಯೂಟರ್ ಮುಂದೆ ಕೂತಿದ್ದಾಗ ಸುಮ ಅಡುಗೆಮನೆಯಿಂದ, “ಏನ್ರೀ ಹುಡುಕ್ತಿದೀರಾ?” ಎಂದಳು.

“ಹಲ್ಲಿ. ಗೋಡೆ. ಓಡಿಸುವಿಕೆ,” ಎಂದೆ.

“ಕಂಪ್ಯೂಟರ್ ಹತ್ರ ಹಾಗೆ ಮಾತಾಡಿ ಮಾತಾಡಿ ನನ್ನ ಹತ್ರಾನೂ ಶುರು ಮಾಡಿದೀರ. ಬೆಳಗ್ಗೆ ‘ಕಾಫಿ, ಬಿಸಿ, ಸಕ್ಕರೆ ಕಮ್ಮಿ’ ಅಂದ್ರಲ್ಲ. ಕೊಡು ಅನ್ನೋದಕ್ಕೆ ಏನು ರೋಗ?”

ರೋಗವಲ್ಲ, ತರಬೇತಿ. ಹುಡುಕುವ ಪೆಟ್ಟಿಗೆಗೆ ವಾಕ್ಯ ಬೇಡ, ನಾಮಪದ ಸಾಕು ಎಂದು ನಾನು ಕಲಿತದ್ದು ಆ ಶನಿವಾರ. ಅಥವಾ ಭಾನುವಾರ.

ಆಗ ನಾವು ಬಿಟಿಎಂ ಲೇಔಟಿನಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮಾಲೀಕರು, ಚಿಕ್ಕಮುನಿಯಪ್ಪನವರು. ಲೇಔಟ್ ಆಗುವ ಮೊದಲು ಅಲ್ಲೆಲ್ಲ ಅವರ ಹೊಲವಿತ್ತು. ಹೊಲ ಹೋಗಿ ಸೈಟಾಯಿತು, ಸೈಟಿನ ಮೇಲೆ ಮನೆಯಾಯಿತು, ಆದರೆ ಅವರ ತಲೆಯಲ್ಲಿ ಹೊಲದ ನಕ್ಷೆ ಹಾಗೇ ಇತ್ತು. ನಾವು ಮನೆಗೆ ಬಂದು ಹಾಲುಕ್ಕಿಸಿದ ದಿನ ಮೇಲೆ ಬಂದು ಎಲ್ಲ ನೋಡಿ, ದೇವರ ಗೂಡಿನ ಮುಂದೆ ನಿಂತು, “ಇಲ್ಲೇ, ಕರೆಕ್ಟಾಗಿ ಇದರ ಕೆಳಗೇ ನಮ್ಮ ಎಮ್ಮೆ ಕಟ್ತಿದ್ವಿ,” ಎಂದು ಸಂತೋಷದಿಂದ ಹೇಳಿದರು. ಸುಮ ಆಮೇಲೆ ಬಹಳ ದಿನ ದೀಪ ಹಚ್ಚುವಾಗ ಎಮ್ಮೆಯನ್ನು ನೆನೆದುಕೊಂಡಳಂತೆ. ಅವರು ಹೇಳುವುದರಲ್ಲಿ ಎಷ್ಟು ನಿಜ, ಎಷ್ಟು ಒಗ್ಗರಣೆ ಎಂದು ತಿಳಿಯುತ್ತಿರಲಿಲ್ಲ. ತಮ್ಮ ಬಾವಿಯ ನೀರು ಕುಡಿದು ಒಬ್ಬ ಕುಂಟ ನಡೆದುಕೊಂಡು ಹೋದ ಎಂದೂ ಹೇಳಿದ್ದರು.

ಅವರ ಮೊಮ್ಮಗಳು ಶಿಲ್ಪ. ಜಯನಗರದ ಒಂದು ಶಾಲೆಯಲ್ಲಿ ಎಂಟನೇ ತರಗತಿ. ಎರಡು ಜಡೆ, ಒಂದು ಕನ್ನಡಕ, ಯಾವ ಪ್ರಶ್ನೆಯನ್ನೂ ಅರ್ಧಕ್ಕೆ ಬಿಡದ ಸ್ವಭಾವ. ಆ ವರ್ಷ ಅವಳ ಶಾಲೆಯವರು ಇಂಟರ್‌ನೆಟ್ಟಿನ ಒಂದು ಆಕರ ಗ್ರಂಥಾಲಯಕ್ಕೆ ಚಂದಾ ಕಟ್ಟಿ, ಮಕ್ಕಳಿಗೆಲ್ಲ ಪಾಸ್‌ವರ್ಡ್ ಕೊಟ್ಟಿದ್ದರು. ವಿಶ್ವಕೋಶಗಳು, ನಿಘಂಟುಗಳು, ಪತ್ರಿಕೆಗಳ ಲೇಖನಗಳು ಎಲ್ಲ ಒಂದೇ ಕಡೆ. ಇನ್ನು ಪ್ರಾಜೆಕ್ಟಿಗೆ ಚಾರ್ಟ್ ಅಂಗಡಿಯಿಂದ ಚಿತ್ರ ತಂದು ಅಂಟಿಸಿದರೆ ನಡೆಯದು, ಲೈಬ್ರರಿಯಲ್ಲಿ ಹುಡುಕಿ ಆಧಾರ ಕೊಡಬೇಕು ಎಂದು ಸೋಷಿಯಲ್ ಮಿಸ್ ಆಜ್ಞೆ ಮಾಡಿದ್ದರು. ವಿಷಯ, ಆಹಾರವನ್ನು ಕೆಡದಂತೆ ಇಡುವ ವಿಧಾನಗಳು. ತರಗತಿಯ ಅರ್ಧ ಮಕ್ಕಳು ಫ್ರಿಜ್ ಆರಿಸಿಕೊಂಡರು, ಉಳಿದರ್ಧ ಉಪ್ಪಿನಕಾಯಿ. ಶಿಲ್ಪ ಆರಿಸಿಕೊಂಡದ್ದು ಹಗೇವು.

ಹಗೇವು ಎಂದರೆ ನೆಲದೊಳಗೆ ತೋಡಿ ರಾಗಿ ತುಂಬಿಡುತ್ತಿದ್ದ ಗುಂಡಿ. ಅವಳು ಅದನ್ನು ನೋಡಿರಲಿಲ್ಲ. ತಾತನ ಬಾಯಲ್ಲಿ ಕೇಳಿದ್ದಷ್ಟೇ.

“ಮಿಸ್ ಏನಂದ್ರು ಗೊತ್ತಾ ಅಂಕಲ್?” ಎಂದು ಅವಳು ಮೇಲೆ ಬಂದು ಹೇಳಿದಳು. “ತಾತ ಹೇಳಿದ್ದು ಅಂತ ಬರೆದ್ರೆ ಅದು ಕಥೆ, ಪ್ರಾಜೆಕ್ಟ್ ಅಲ್ಲ. ಲೈಬ್ರರೀಲಿ ಒಂದಾದ್ರೂ ಆರ್ಟಿಕಲ್ ಸಿಗಬೇಕು. ಸೋಮವಾರದೊಳಗೆ ಸಿಗಲಿಲ್ಲಾಂದ್ರೆ ಫ್ರಿಜ್ ಬಗ್ಗೆ ಬರಿ ಅಂದ್ರು.”

“ಫ್ರಿಜ್ ಸುಲಭ ಅಲ್ವೇನೇ?”

“ನಂಗೆ ಫ್ರಿಜ್ ಬೇಡ. ತಾತಂಗೆ ಆಗ್ಲೇ ಹೇಳಿಬಿಟ್ಟಿದೀನಿ, ನಿನ್ನ ಹಗೇವು ಸ್ಕೂಲ್ ಗೋಡೆ ಮೇಲೆ ಬರುತ್ತೆ ಅಂತ. ಪಕ್ಕದ ಬೀದಿಗೂ ಹೇಳ್ಕೊಂಡು ಬಂದಿದಾರೆ.”

ಅವಳ ಹಿಂದೆಯೇ ಮೆಟ್ಟಿಲಲ್ಲಿ ಕೆಮ್ಮಿದ ಸದ್ದು. ಚಿಕ್ಕಮುನಿಯಪ್ಪನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಗಲ ಮೇಲೆ ಟವೆಲ್ ಹೊದ್ದು, ಯಾವುದೋ ಕಚೇರಿಗೆ ಹೊರಟವರಂತೆ ಬಂದರು. “ಏನ್ ಸಾರ್, ನಾನು ತಿಂದ ರಾಗಿಗೆ ಆ ಡಬ್ಬ ಸಾಕ್ಷಿ ಹೇಳ್ಬೇಕಂತೆ? ಕೇಳಿ, ಏನು ಹೇಳುತ್ತೋ ನೋಡೇಬಿಡಾಣ.” ನಗುತ್ತಲೇ ಹೇಳಿದರು. ಆದರೆ ಅಂಗಿಗೆ ಇಸ್ತ್ರಿಯಾಗಿತ್ತು.

ನಿಜ ಹೇಳಬೇಕೆಂದರೆ ನನಗೂ ಅನುಮಾನವಿತ್ತು. ಮಣ್ಣಿನೊಳಗೆ ಹೂತಿಟ್ಟ ಧಾನ್ಯ ವರ್ಷಗಟ್ಟಲೆ ಹುಳ ಬೀಳದೆ ಇರುತ್ತದೆಯೆ? ನಾನು ಬೆಳೆದ ಜಯನಗರದ ಮನೆಯಲ್ಲಿ ಒಂದು ತಿಂಗಳ ಅಕ್ಕಿಗೇ ಹುಳ ಬೀಳುತ್ತಿತ್ತು. ಅಮ್ಮ ಅಕ್ಕಿಗೆ ಬೇವಿನ ಸೊಪ್ಪು ಹಾಕುತ್ತಿದ್ದಳು, ಒಣಮೆಣಸಿನಕಾಯಿ ಹಾಕುತ್ತಿದ್ದಳು, ಬೇಳೆಗೆ ಹರಳೆಣ್ಣೆ ಸವರುತ್ತಿದ್ದಳು. ಹುಳಗಳು ಇವನ್ನೆಲ್ಲ ಮಸಾಲೆ ಎಂದು ತಿಳಿದುಕೊಂಡಂತೆ ಕಾಣುತ್ತಿತ್ತು. ಬೇಸಿಗೆಯಲ್ಲಿ ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ ಅಕ್ಕಿ ಹರವಿ, ನನ್ನನ್ನು ಕಾಗೆ ಕಾಯಲು ಕೂರಿಸುತ್ತಿದ್ದಳು. ಬಿಸಿಲಿಗೆ ಕಪ್ಪು ಹುಳಗಳು ಒಂದೊಂದಾಗಿ ಅಕ್ಕಿ ಬಿಟ್ಟು ಪಂಚೆಯ ಅಂಚಿನ ಕಡೆ ಹೊರಡುತ್ತಿದ್ದವು. ನಾನು ಅವುಗಳ ದಾರಿ ತಪ್ಪಿಸಿ ಮತ್ತೆ ಅಕ್ಕಿಗೇ ಸೇರಿಸಿ ಆಡುತ್ತಿದ್ದೆ. ಆ ವರ್ಷಗಳಲ್ಲಿ ನಮ್ಮ ಮನೆಯ ಅಕ್ಕಿಗೆ ಹುಳದ ಕಾಟ ಯಾಕೆ ಮುಗಿಯಲಿಲ್ಲ ಎಂಬುದಕ್ಕೆ ಇದೂ ಒಂದು ಕಾರಣವಿರಬಹುದು.

ನಮ್ಮ ಕಂಪ್ಯೂಟರ್ ತಿಲಕ್ ನಗರದ ಒಬ್ಬ ಹುಡುಗ ಹಲವು ಸತ್ತ ಕಂಪ್ಯೂಟರುಗಳ ಭಾಗ ಸೇರಿಸಿ ಬದುಕಿಸಿಕೊಟ್ಟದ್ದು. ಮೈಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು. ಇಂಟರ್‌ನೆಟ್ ಬೇಕೆಂದರೆ ಫೋನಿನ ತಂತಿಯನ್ನು ಅದಕ್ಕೆ ಚುಚ್ಚಬೇಕು; ಅದು ಕಿರುಚಿ, ಗೊರಗುಟ್ಟಿ, ಗಂಟಲು ಸರಿಮಾಡಿಕೊಂಡು ಕೊನೆಗೆ ಸುಮ್ಮನಾದರೆ ಸಂಪರ್ಕ ಸಿಕ್ಕಿತೆಂದು ಅರ್ಥ. ಅಷ್ಟು ಹೊತ್ತೂ ಮನೆಗೆ ಫೋನ್ ಇಲ್ಲ. ಸುಮಳ ತಾಯಿ ಫೋನ್ ಮಾಡುವ ದಿನವೇ ನಾನು ಇಂಟರ್‌ನೆಟ್ ಹಚ್ಚುತ್ತೇನೆ ಎಂಬ ಆರೋಪ ಆಗಲೂ ಇತ್ತು.

ಶಿಲ್ಪ ಕೀಬೋರ್ಡಿನ ಮುಂದೆ, ನಾನು ಅವಳ ಎಡಕ್ಕೆ, ಚಿಕ್ಕಮುನಿಯಪ್ಪನವರು ಬಲಕ್ಕೆ. ಪರದೆಯಲ್ಲಿ ಖಾಲಿ ಪೆಟ್ಟಿಗೆ ಮಿಟುಕುತ್ತಿತ್ತು.

“ಮೊದ್ಲು ನಮಸ್ಕಾರ ಅಂತ ಹಾಕಮ್ಮ,” ಎಂದರು ತಾತ.

“ಇದಕ್ಕೆಲ್ಲ ನಮಸ್ಕಾರ ಹಾಕಲ್ಲ ತಾತ.”

“ಹಾಕ್ದಲೇ ಯಾವನ್ ಕೊಡ್ತಾನೆ? ತಾಲ್ಲೂಕಾಫೀಸಲ್ಲಿ ನಾನು ನೋಡಿಲ್ವಾ? ವಿಷಯ ಆಮೇಲೆ. ಯಾರ ಮೊಮ್ಮಗಳು, ಯಾವ ಊರು, ಎಲ್ಲಾ ಹಾಕು. ಕೊನೇಲಿ ದಯವಿಟ್ಟು ಅನ್ನು.”

ಅವರಿಗೆ ಇದು ತಮಾಷೆಯಲ್ಲ. ಹೊಲ ಲೇಔಟಿಗೆ ಹೋದ ಮೇಲೆ ಅವರ ಅರ್ಧ ಆಯುಸ್ಸು ಅರ್ಜಿ ಬರೆಸುವುದರಲ್ಲಿ ಕಳೆದಿತ್ತು. ಏನನ್ನಾದರೂ ಕೇಳಬೇಕಾದರೆ ಹೀಗೆಯೇ ಕೇಳಬೇಕು ಎಂಬುದು ಆ ಮನೆಯಲ್ಲಿ ಊಟಕ್ಕೆ ಮೊದಲು ಕೈತೊಳೆಯುವಷ್ಟು ಸಹಜ. ಶಿಲ್ಪ ಕೂಡ ಅಂಥ ಮನೆಯಲ್ಲೇ ಬೆಳೆದವಳು. ಒಂದು ನಿಮಿಷ ಯೋಚಿಸಿ, ಇಂಗ್ಲಿಷಿನಲ್ಲಿ ಟೈಪ್ ಮಾಡಿಯೇಬಿಟ್ಟಳು: ಮಾನ್ಯರೇ, ನನ್ನ ತಾತನ ಹಳ್ಳಿಯಲ್ಲಿ ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದ ಬಗ್ಗೆ ದಯವಿಟ್ಟು ಮಾಹಿತಿ ಕೊಡಬೇಕಾಗಿ ಪ್ರಾರ್ಥನೆ.

ಗ್ರಂಥಾಲಯ ಅರ್ಜಿಯನ್ನು ಸ್ವೀಕರಿಸಿತು. ಪ್ರತಿಯೊಂದು ಪದವನ್ನೂ ಪ್ರತ್ಯೇಕವಾಗಿ ಪರಿಶೀಲಿಸಿ ಉತ್ತರ ಕೊಟ್ಟಿತು. ‘ಪ್ರಾರ್ಥನೆ’ಯ ಬಗ್ಗೆ ಹಲವು ಧರ್ಮಗಳ ಲೇಖನಗಳು. ‘ಹಳ್ಳಿ’ಯ ಬಗ್ಗೆ ಫ್ರಾನ್ಸಿನ ಗ್ರಾಮಜೀವನ. ‘ತಾತ’ ಎಂಬುದಕ್ಕೆ ಆಳೆತ್ತರದ ಒಂದು ಗಡಿಯಾರ. ಇಂಗ್ಲಿಷರು ಅದನ್ನು ತಾತನ ಗಡಿಯಾರ ಎನ್ನುತ್ತಾರಂತೆ. ಅದರ ಚಿತ್ರ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯುವ ತನಕ ಮೂವರೂ ಕಾದೆವು, ಹಗೇವು ಬಂದರೂ ಬರಬಹುದೆಂದು.

“ಗಡಿಯಾರ ಯಾಕೆ ತೋರಿಸ್ತು?” ಎಂದರು ಚಿಕ್ಕಮುನಿಯಪ್ಪ. “ಟೈಮಾಯ್ತು, ನಾಳೆ ಬಾ ಅಂತಾನಾ?”

ಈಗ ವಿಶ್ವವಿದ್ಯಾಲಯದಲ್ಲಿ ಓದಿದವನ ಸರದಿ. ನಾನು ಕುರ್ಚಿ ಮುಂದಕ್ಕೆಳೆದು, ಆ ಇಡೀ ವಾಕ್ಯ ಅಳಿಸಿ, ಗಂಭೀರವಾಗಿ ಒಂದೇ ಪದ ಹೊಡೆದೆ: ಕೃಷಿ. ಫಲಿತಾಂಶಗಳ ಸಂಖ್ಯೆ ನೋಡಿ ಶಿಲ್ಪ, “ಇದನ್ನೆಲ್ಲ ಓದಿದ್ರೆ ನಾನು ಮದುವೆ ವಯಸ್ಸಿಗೆ ಬರ್ತೀನಿ ಅಂಕಲ್,” ಎಂದಳು.

ತೊಂಬತ್ತರ ದಶಕದಲ್ಲಿ ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇಂಥ ಮುಜುಗರ ಇರಲಿಲ್ಲ. ಅಲ್ಲಿ ಸಣ್ಣ ಸಣ್ಣ ಮರದ ಖಾನೆಗಳು, ಖಾನೆಯೊಳಗೆ ಕಾರ್ಡುಗಳು, ಕಾರ್ಡಿನ ಅಂಚಿನಲ್ಲಿ ತಲೆಮಾರುಗಳ ಬೆರಳಿನ ಕಪ್ಪು. ಬೇಕಾದ ವಿಷಯ ನಾವು ಹುಡುಕಿದ ಹೆಸರಿನಲ್ಲಿ ಇರದಿದ್ದರೆ ಒಂದು ಕಾರ್ಡ್ ನಮ್ಮನ್ನು ಬೇರೆ ಕಡೆ ಕಳಿಸುತ್ತಿತ್ತು. ‘ತೆರಿಗೆ’ ತೆಗೆದರೆ ‘ಕಂದಾಯ ನೋಡಿ’. ‘ಕಂದಾಯ’ ತೆಗೆದರೆ ‘ಭೂಕಂದಾಯ ನೋಡಿ’. ‘ಭೂಕಂದಾಯ’ ತೆಗೆದರೆ ‘ತೆರಿಗೆ ನೋಡಿ’. ನಾನೂ ನನ್ನ ಗೆಳೆಯನೂ ಒಂದು ಇಡೀ ಬೆಳಗ್ಗೆ ಈ ಪ್ರದಕ್ಷಿಣೆ ಹಾಕಿ, ನಾಲ್ಕನೆಯದಾಗಿ ‘ಕ್ಯಾಂಟೀನ್ ನೋಡಿ’ ಎಂದು ತೀರ್ಮಾನಿಸಿದ್ದೆವು. ಗೆಳೆಯನೂ ಇದನ್ನು ಹೇಳುತ್ತಾನೆ, ಆದರೆ ಅವನ ಪ್ರಕಾರ ನಾವು ಹುಡುಕುತ್ತಿದ್ದದ್ದು ತೆರಿಗೆಯಲ್ಲ, ‘ಆಯವ್ಯಯ’. ಇರಲಿ.

ಆ ನೆನಪು ಒಂದು ಉಪಕಾರ ಮಾಡಿತು. ಇಲ್ಲಿಯೂ ಹಾಗೆ ಕಳಿಸುವ ಕಾರ್ಡುಗಳಿರಬೇಕಲ್ಲ ಅನ್ನಿಸಿತು. ಶಿಲ್ಪ ಬರೀ ‘ರಾಗಿ’ ಎಂದು ಹೊಡೆದಳು. ಒಂದೇ ಒಂದು ಸಾಲು ಬಂತು: ಫಿಂಗರ್ ಮಿಲೆಟ್ ನೋಡಿ.

“ಬೆರಳು ಅಂತ ಯಾಕೆ?” ಎಂದಳು ಶಿಲ್ಪ.

ಚಿಕ್ಕಮುನಿಯಪ್ಪ ತಮ್ಮ ಕೈಯ ಐದೂ ಬೆರಳು ಅರ್ಧ ಮಡಿಸಿ ಮೇಲೆತ್ತಿ ತೋರಿಸಿದರು. “ತೆನೆ ಹಿಂಗೇ ಇರುತ್ತೆ. ಅವನ್ಯಾವನೋ ನೋಡಿದಾನೆ ಕಣಮ್ಮ, ಸುಳ್ಳಲ್ಲ.” ಅಲ್ಲಿಂದ ಆ ಡಬ್ಬದ ಮೇಲೆ ಅವರಿಗೆ ಸ್ವಲ್ಪ ಗೌರವ ಹುಟ್ಟಿತು. ಕುರ್ಚಿಯನ್ನು ಒಂದು ಗೇಣು ಮುಂದಕ್ಕೆ ತಂದುಕೊಂಡರು.

ಫಿಂಗರ್ ಮಿಲೆಟ್ ಲೇಖನದಲ್ಲಿ ಹಗೇವು ಇರಲಿಲ್ಲ. ಆದರೆ ಈ ಧಾನ್ಯಕ್ಕೆ ಹುಳದ ಬಾಧೆ ಕಡಿಮೆ, ಹಲವು ವರ್ಷ ಕೆಡದೆ ಇಡಬಹುದು ಎಂಬ ಮಾತಿತ್ತು. “ಹಲವು ಅಂದ್ರೆ ಎಷ್ಟು?” ಎಂದು ಕೇಳಿದರು ಅವರು. “ನಮ್ದು ಐವತ್ತು ವರ್ಷ ಇತ್ತು ಅಂತ ಬರೀಲಿ.”

“ತಾತ, ಹೋದ ವಾರ ಮೂವತ್ತು ಅಂದಿದ್ದೆ.”

“ಹೋದ ವಾರ ಲೆಕ್ಕ ಹಾಕಿರಲಿಲ್ಲ.”

ಇಂಥವರ ಮಾತನ್ನು ಆಧಾರವಿಲ್ಲದೆ ತೆಗೆದುಕೊಳ್ಳಬಾರದು ಎಂದ ಮಿಸ್ ಬಗ್ಗೆ ನನಗೆ ಆ ಕ್ಷಣ ಅಭಿಮಾನ ಬಂತು.

ಇನ್ನು ಗುಂಡಿ. ಹಗೇವಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಸರು ಗೊತ್ತಿಲ್ಲದ ವಸ್ತುವನ್ನು ಹುಡುಕುವುದು ಹೇಗೆ? ಅದನ್ನು ಕಂಡೇ ಇರದವನೊಬ್ಬ ನೋಡಿದರೆ ಏನೆಂದು ವರ್ಣಿಸುತ್ತಾನೋ ಆ ಪದಗಳಿಂದ ಹುಡುಕಬೇಕು. ಈ ಉಪಾಯ ಹೊಳೆದದ್ದು ನನಗೆ ಎಂದು ನಾನು ಹಲವರಿಗೆ ಹೇಳಿದ್ದೇನೆ. ಮಿಸ್ ಕೊಟ್ಟ ಸೂಚನೆಯಲ್ಲೇ ಅದಿತ್ತು, ತಾನು ಓದಿ ಹೇಳಿದೆ ಎಂಬುದು ಶಿಲ್ಪಾಳ ಹೇಳಿಕೆ. ಅವಳ ಹೇಳಿಕೆ ಹೆಚ್ಚು ನಂಬುವಂತಿದೆ ಎಂದು ಬೇಸರದಿಂದ ಒಪ್ಪುತ್ತೇನೆ.

“ತಾತ, ಹಗೇವು ಅನ್ನೋ ಪದ ಬಿಟ್ಟು ಹಗೇವು ಹೇಗಿರುತ್ತೆ ಹೇಳು.”

“ಹಗೇವು ಹಗೇವಿನ ಥರ ಇರುತ್ತೆ.”

“ತಾತಾ...”

“ಆಯ್ತಮ್ಮ. ಗಟ್ಟಿ ನೆಲ ನೋಡಿ ತೋಡೋದು. ಬಾಯಿ ಸಣ್ಣಕೆ, ಒಬ್ಬ ಆಳು ಇಳಿಯೋಷ್ಟು. ಒಳಗೆ ಹೊಟ್ಟೆ ಅಗಲ, ಗುಡಾಣದ ಥರ. ಸುತ್ತ ರಾಗಿ ಹುಲ್ಲು ಕಟ್ಟಿ, ರಾಗಿ ತುಂಬಿ, ಮೇಲೊಂದು ಚಪ್ಪಡಿ, ಚಪ್ಪಡಿ ಮೇಲೆ ಮಣ್ಣು. ಗಾಳಿ ಆಡೋ ಹಂಗಿಲ್ಲ. ಯಾರಾದ್ರೂ ಮೇಲೆ ಓಡಾಡಿದ್ರೂ ಗೊತ್ತಾಗಬಾರದು.”

ಶಿಲ್ಪ ಆ ಮಾತುಗಳನ್ನು ಸೋಸಿದಳು. ನೆಲದಡಿ. ಗುಂಡಿ. ಧಾನ್ಯ. ಸಂಗ್ರಹ. ನಾಲ್ಕು ಖಾನೆಗಳಿರುವ ಇನ್ನೊಂದು ಪುಟ ತೆರೆದು, ಈ ಪದವೂ ಇರಬೇಕು, ಆ ಪದವೂ ಇರಬೇಕು ಎಂದು ಒಂದೊಂದರಲ್ಲಿ ಒಂದೊಂದನ್ನು ಇಳಿಸಿದಳು. ಈ ಸಲ ಗ್ರಂಥಾಲಯ ಬಹಳ ಹೊತ್ತು ಯೋಚಿಸಿತು. ಸುಮ ಕಾಫಿ ತಂದಳು. ಇದು ಎರಡನೆಯ ಸುತ್ತಿನ ಕಾಫಿಯೋ ಮೊದಲನೆಯದೋ ಎಂಬುದು ಮುಂದೆ ಬಹಳ ಮುಖ್ಯವಾಗುತ್ತದೆಂದು ಆಗ ನಮಗೇನು ಗೊತ್ತು.

ಸಿಕ್ಕಿತು. ಕೆಲವೇ ಲೇಖನಗಳು, ಅದರಲ್ಲೊಂದು ನಮಗೆ ಬೇಕಾದ್ದೇ. ನೆಲದಡಿಯ ಧಾನ್ಯದ ಗುಂಡಿಗಳ ಬಗ್ಗೆ. ಎಷ್ಟೋ ದೇಶಗಳಲ್ಲಿ ಇವೆಯಂತೆ, ಭಾರತದಲ್ಲೂ. ಬಾಯಿ ಮುಚ್ಚಿದ ಮೇಲೆ ಒಳಗಿನ ಧಾನ್ಯ ಉಸಿರಾಡಿ ಉಸಿರಾಡಿ ಇದ್ದ ಪ್ರಾಣವಾಯುವನ್ನೆಲ್ಲ ಖಾಲಿ ಮಾಡುತ್ತದೆ, ಆಮೇಲೆ ಹುಳಕ್ಕೆ ಬದುಕಲು ಗಾಳಿಯೇ ಇರುವುದಿಲ್ಲ. ನಮ್ಮಮ್ಮ ಬೇವಿನ ಸೊಪ್ಪಿನಲ್ಲಿ ಸಾಧಿಸಲಾಗದ್ದನ್ನು ಒಂದು ಚಪ್ಪಡಿ ಸಾಧಿಸಿತ್ತು. ಶಿಲ್ಪ ಕುರ್ಚಿಯಿಂದ ಎದ್ದೇ ನಿಂತಳು. “ಸಿಕ್ತು! ತಾತಾ, ಫ್ರಿಜ್ ಕ್ಯಾನ್ಸಲ್!”

ಲೇಖನದ ಕೊನೆಯಲ್ಲಿ ಒಂದು ಎಚ್ಚರಿಕೆಯಿತ್ತು. ಗುಂಡಿ ತೆರೆದ ಕೂಡಲೇ ಇಳಿಯುವುದು ಅಪಾಯ, ಕೆಟ್ಟ ಗಾಳಿ ತುಂಬಿರುತ್ತದೆ, ಕೆಲವೆಡೆ ಮೊದಲು ಉರಿಯುವ ಮೇಣದಬತ್ತಿ ಇಳಿಸಿ ನೋಡುತ್ತಾರೆ ಎಂದು. ತಕರಾರು ಇರುವುದು ಇಲ್ಲಿಯೇ. ಚಿಕ್ಕಮುನಿಯಪ್ಪನವರೂ ದೀಪದ ಮಾತು ಹೇಳಿದರು: “ನಾವು ಹಗ್ಗಕ್ಕೆ ದೀಪ ಕಟ್ಟಿ ಬಿಡ್ತಿದ್ವಿ. ಆರಿದ್ರೆ ಇಳಿಯಂಗಿಲ್ಲ.” ಹೇಳಿದ್ದು ಯಾವಾಗ? ಶಿಲ್ಪ ಮೇಣದಬತ್ತಿಯನ್ನು ಓದುವ ಮೊದಲೋ, ಓದಿದ ಮೇಲೋ? ಮೊದಲು, ಗುಂಡಿಯ ಬಾಯಿ ವರ್ಣಿಸುವಾಗಲೇ ಎನ್ನುತ್ತಾಳೆ ಶಿಲ್ಪ. ಕಾಫಿ ಕುಡಿಯುವಾಗ ಎನ್ನುತ್ತಾಳೆ ಸುಮ. ಕಾಫಿ ಎರಡು ಸಲ ಬಂದಿತ್ತು. ನನ್ನ ನೆನಪಿನಲ್ಲಿ ಮಾತ್ರ ಅವರು ಪರದೆಯ ಕಡೆ ನೋಡಿ ತಲೆಯಾಡಿಸಿ, “ಹೂಂ, ನಾವೂ,” ಎಂದು ಶುರುಮಾಡುತ್ತಾರೆ. ಮೂವತ್ತನ್ನು ಐವತ್ತು ಮಾಡಿದವರು ಮೇಣದಬತ್ತಿಯನ್ನು ದೀಪ ಮಾಡಲಾರರೆ?

ಪ್ರಾಜೆಕ್ಟ್ ಗೋಡೆಯ ಮೇಲೆ ಬಂತು. ಗುಡಾಣದಾಕಾರದ ಚಿತ್ರ, ಅದಕ್ಕೆ ಬೂದು ಬಣ್ಣದ ಚಪ್ಪಡಿ, ಕೆಳಗೆ ಗ್ರಂಥಾಲಯದ ಲೇಖನದ ಆಧಾರ. ಆದರೆ ‘ನನ್ನ ತಾತ ಹೇಳಿದ್ದು’ ಎಂಬ ಭಾಗದಲ್ಲಿ ದೀಪದ ವಾಕ್ಯದ ಪಕ್ಕ ಮಿಸ್ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಇದು ತಾತ ಹೇಳಿದ್ದೋ, ಲೇಖನದಲ್ಲಿ ಓದಿ ತಾತನ ಬಾಯಿಗೆ ಹಾಕಿದ್ದೋ ಎಂದು ತರಗತಿಯಲ್ಲಿ ಕೇಳಿದ್ದರಂತೆ. ಬೇರೆಲ್ಲ ಹೊಗಳಿದರಂತೆ. ಆದರೆ ಗೋಡೆ ನೋಡಲು ಶಾಲೆಗೆ ಹೋದ ಚಿಕ್ಕಮುನಿಯಪ್ಪನವರ ಕಣ್ಣಿಗೆ ಬಿದ್ದದ್ದು ಆ ಚಿಹ್ನೆಯೇ.

“ಅದೇನಮ್ಮ ಆ ಕೊಕ್ಕೆ?”

“ಡೌಟು ತಾತ.”

“ಯಾರ ಮೇಲೆ?”

ಅವರು ಮನೆಗೆ ಬಂದು ಸೀದಾ ಮೇಲೆ ಹತ್ತಿದರು. ಐವತ್ತು ವರ್ಷದ ಮಾತನ್ನು ಶಿಲ್ಪ ಪ್ರಾಜೆಕ್ಟಿಗೆ ಸೇರಿಸಿರಲಿಲ್ಲ, ಅದರ ಬಗ್ಗೆ ಅವರಿಗೆ ಬೇಜಾರಿರಲಿಲ್ಲ. ದೀಪದ ಬಗ್ಗೆ ಇತ್ತು. “ಸಾರ್, ನೀವು ಪಕ್ಕದಲ್ಲೇ ಕೂತಿದ್ರಲ್ಲ. ಅದು ಓದೋಕೆ ಮುಂಚೆ ನಾನು ಹೇಳಿದ್ನೋ ಇಲ್ವೋ?”

“ನನಗೆ ಸರಿಯಾಗಿ ನೆನಪಿಲ್ಲ,” ಎಂದೆ. ಅದು ಸತ್ಯವಾಗಿತ್ತು.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಎಷ್ಟು ಓದಿದೀರ ಸಾರ್ ನೀವು?”

“ಎಂ.ಎ.”

“ಅದಕ್ಕೇ,” ಎಂದು ಇಳಿದುಹೋದರು.

ಆಮೇಲೆ ಕೆಲವು ದಿನ ಅವರು ಹೊಲದ ಕಥೆ ಹೇಳಲಿಲ್ಲ. ನಮ್ಮ ಅಡುಗೆಮನೆಯ ಕೆಳಗೆ ಏನಿತ್ತೆಂದು ಸುಮ ಕೇಳಿದರೂ, “ಏನೋ ಇತ್ತು ಬಿಡಮ್ಮ,” ಎಂದುಬಿಟ್ಟರು. ಕೆಳಗಿನ ಮನೆ ಅಷ್ಟು ಮೌನವಾಗಿದ್ದದ್ದು ಯಾರಿಗೂ ಹಿಡಿಸಲಿಲ್ಲ, ಶಿಲ್ಪಾಳಿಗಂತೂ ಸ್ವಲ್ಪವೂ ಇಲ್ಲ. ಅವಳು ಮತ್ತೆ ನನ್ನ ಹತ್ತಿರ ಬಂದಳು. ಗ್ರಂಥಾಲಯದಲ್ಲಿ ಇನ್ನಷ್ಟು ಹುಡುಕಿದೆವು, ಆದರೆ ಎಲ್ಲಿ ಹುಡುಕಿದರೂ ಮೇಣದಬತ್ತಿಯೇ. ನಮಗೆ ಬೇಕಾಗಿದ್ದದ್ದು ಆ ಲೇಖನವನ್ನು ಓದಿರದ, ತಾತನಿಂದಲೂ ಕೇಳಿರದ, ಅದೇ ಮನೆಯ ಹಗೇವು ಕಂಡ ಒಬ್ಬ ಸಾಕ್ಷಿ.

“ಹುಳಿಮಾವು ಅಜ್ಜಿ,” ಎಂದಳು ಶಿಲ್ಪ.

ಹುಳಿಮಾವು ಅಜ್ಜಿ ಎಂದರೆ ಪಿಳ್ಳಮ್ಮ, ಹುಳಿಮಾವು ಎಂಬ ಊರಿಗೆ ಮದುವೆಯಾಗಿ ಹೋಗಿದ್ದ ಚಿಕ್ಕಮುನಿಯಪ್ಪನವರ ಅಕ್ಕ. ಜಮೀನಿನ ಪಾಲಿನ ವಿಷಯದಲ್ಲಿ ಇಬ್ಬರಿಗೂ ಮಾತು ನಿಂತು ಶಿಲ್ಪಾಳ ವಯಸ್ಸಿಗಿಂತ ಹೆಚ್ಚು ವರ್ಷಗಳಾಗಿದ್ದವು. ಹಬ್ಬಕ್ಕೆ ಶಿಲ್ಪಾಳ ತಾಯಿ ಮಾತ್ರ ಮಾವನಿಗೆ ತಿಳಿಯದಂತೆ ಒಂದು ಡಬ್ಬಿ ಒಬ್ಬಟ್ಟು ಕಳಿಸುತ್ತಿದ್ದಳು. ಇಂಥ ಸಾಕ್ಷಿ ಯಾವ ಇತಿಹಾಸಕಾರನಿಗೆ ಸಿಗುತ್ತದೆ? ತಮ್ಮನನ್ನು ಸಮರ್ಥಿಸುವ ಆಸೆ ಅವಳಿಗೆ ಸ್ವಲ್ಪವೂ ಇಲ್ಲ.

ಬನ್ನೇರುಘಟ್ಟ ರಸ್ತೆಯ ಬಸ್ಸಿನಲ್ಲಿ ಶಿಲ್ಪ ನನಗೆ ತಾಕೀತು ಮಾಡಿದಳು. “ಅಂಕಲ್, ದೀಪ ಅಂತ ನೀವು ಬಾಯಿ ಬಿಡ್ಬಾರ್ದು. ಮುಖದಲ್ಲೂ ತೋರಿಸ್ಬಾರ್ದು. ನಾನೇ ಕೇಳ್ತೀನಿ.” ನಾನು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಕಲಿತದ್ದನ್ನು ಅವಳು ಒಂದು ಪ್ರಾಜೆಕ್ಟಿನಲ್ಲಿ ಕಲಿತಿದ್ದಳು.

ಪಿಳ್ಳಮ್ಮ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ನಮ್ಮ ಮುಂದೆಯೂ ಒಂದೊಂದು ರಾಶಿ ತಳ್ಳಿದಳು. ಹುಳಿಮಾವಿನಲ್ಲಿ ಸುಮ್ಮನೆ ಕೂತು ಸಂದರ್ಶನ ಮಾಡುವ ಪದ್ಧತಿ ಇರಲಿಲ್ಲ.

“ಅಜ್ಜಿ, ನಿಮ್ಮ ತವರಲ್ಲಿ ಹಗೇವು ತೆಗೆಯೋ ದಿನ ಏನೇನು ಮಾಡ್ತಿದ್ರಿ?”

“ಈಗ್ಯಾಕಮ್ಮ ಅದು? ಏನ್ ಮಾಡ್ತಿದ್ರು, ಮಣ್ಣು ಕೆರೆಯೋರು. ಚಪ್ಪಡಿ ಸರಿಸೋರು. ಸರಿಸಿ ದೂರ ಹೋಗಿ ಕೂತ್ಕೊಳ್ಳೋರು. ಕೂಡ್ಲೇ ಇಳಿಯಂಗಿಲ್ಲ.”

“ಆಮೇಲೆ?” ಎಂದಳು ಶಿಲ್ಪ. ನಾನು ಮುಖವನ್ನು ಅವರೆಕಾಯಿಯ ಕಡೆ ತಿರುಗಿಸಿಕೊಂಡೆ.

“ಆಮೇಲೇನು. ಹಗ್ಗಕ್ಕೆ ದೀಪ ಕಟ್ಟಿ ಬಿಡೋರು. ಉರೀತಾ ಇದ್ರೆ ಇಳಿಯೋದು. ಆರಿದ್ರೆ ಅವತ್ತು ಪಕ್ಕದ ಮನೇಲಿ ಹಿಟ್ಟು ಕೇಳಿ ಮುದ್ದೆ ಮಾಡೋದು.”

ಶಿಲ್ಪ ನನ್ನ ಮೊಣಕೈಗೆ ಗುದ್ದಿದಳು. ನನ್ನ ಕೈಯಲ್ಲಿದ್ದ ಅವರೆಕಾಳು ಉರುಳಿ ಹೋಯಿತು.

“ಯಾಕೆ, ಅವನು ಇಲ್ಲ ಅಂದ್ನಾ?” ಪಿಳ್ಳಮ್ಮ ತಲೆ ಎತ್ತಿದಳು. “ಅನ್ನಲಿ ನೋಡಾಣ. ಒಂದ್ಸಲ ದೀಪ ಆರಿತ್ತು. ಅವನಿಗಾಗ ಮೀಸೆ ಮೂಡ್ತಿತ್ತು, ಭಾರಿ ಧೈರ್ಯ. ಏನೂ ಆಗಲ್ಲ ಅಂತ ಕಾಲು ಇಳಿಬಿಟ್ಟುಬಿಟ್ಟ. ನಾನೇ ಹಿಂದಿನಿಂದ ಜುಟ್ಟು ಹಿಡಿದು ಎಳೆದು ಬಿಸಾಕಿದೆ. ಅವತ್ತು ಬಿಟ್ಟಿದ್ರೆ ಇವತ್ತು ಜಮೀನಿನ ಜಗಳಾನೇ ಇರ್ತಿರಲಿಲ್ಲ.” ಹಾಗೆಂದು ಜೋರಾಗಿ ನಕ್ಕು, ನಮ್ಮ ರಾಶಿಗೆ ಇನ್ನೊಂದು ಹಿಡಿ ಅವರೆಕಾಯಿ ಸುರಿದಳು. ಸ್ವಲ್ಪ ಹೊತ್ತಾದ ಮೇಲೆ, “ಕೆಮ್ಮು ಹೆಂಗಿದೆ ಅವನಿಗೆ?” ಎಂದು ಕೇಳಿದಳು.

ಆ ಸಂಜೆ ಶಿಲ್ಪ ತಾತನಿಗೆ ಎಲ್ಲವನ್ನೂ ಹೇಳಿದಳು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ, ಇದರಲ್ಲಿ ನನ್ನ ನೆನಪಿನ ಮೇಲೆ ನನಗೆ ಸಂಶಯವಿಲ್ಲ. ಅವರು ಕೈ ಎತ್ತಿ ಎಡಗಿವಿಯನ್ನು ಮುಟ್ಟಿಕೊಂಡರು.

“ಜುಟ್ಟಲ್ಲ,” ಎಂದರು. “ಕಿವಿ. ಅವಳು ಹಿಡಿದಿದ್ದು ಕಿವಿ. ವಾರ ನೋಯ್ತಿತ್ತು.”

ಈ ಬಗ್ಗೆ ಆಮೇಲೆ ನಾನು ಇಬ್ಬರನ್ನೂ ಬೇರೆ ಬೇರೆಯಾಗಿ ಮತ್ತೆ ಕೇಳಿದ್ದೇನೆ. ಅಕ್ಕ ಜುಟ್ಟನ್ನು ಬಿಟ್ಟುಕೊಡಲಿಲ್ಲ, ತಮ್ಮ ಕಿವಿಯನ್ನು ಬಿಟ್ಟುಕೊಡಲಿಲ್ಲ. ಅದು ಯಾವ ವರ್ಷ, ಹಗ್ಗ ಯಾರ ಕೈಯಲ್ಲಿತ್ತು, ಅಲ್ಲಿ ಇನ್ಯಾರಿದ್ದರು, ಯಾವುದರಲ್ಲೂ ಇಬ್ಬರ ಮಾತು ಹೊಂದುವುದಿಲ್ಲ. ಒಂದರಲ್ಲಿ ಮಾತ್ರ ಹೊಂದುತ್ತದೆ. ಅವತ್ತು ಹಗೇವಿನೊಳಗೆ ಇಳಿಸಿದ ದೀಪ ಆರಿತ್ತು.